ಅಮಾವಾಸ್ಯೆ ದಿನ ಗೋಲ್‌ಕೀಪರ್ ವಿಚಾರಣೆ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷ ಐದು ಪಂದ್ಯ ಆಡಿ ನಾಲ್ಕು ಸೋತಿತು. ಐದನೆಯದು ಸಮವಾಗಲು ಕಾರಣ ಮಳೆ. ಎದುರಾಳಿ ಒದ್ದ ಚೆಂಡು ನನ್ನನ್ನು ದಾಟಿಕೊಂಡು ಹೋಗಿ, ಗೋಲಿನ ಗೆರೆ ಇನ್ನೊಂದು ಗೇಣು ಇದೆ ಎನ್ನುವಾಗ ಕೆಸರಿನಲ್ಲಿ ಹೂತು ನಿಂತಿತು. ನಾನು ನಿಧಾನವಾಗಿ ಎದ್ದು ಹೋಗಿ ಎತ್ತಿಕೊಂಡೆ. ನಮ್ಮ ಕೊಳ್ಳೇಗಾಲದ ಜನ ಅವತ್ತು ಚಪ್ಪಾಳೆ ತಟ್ಟಿದ್ದು ಕೆಸರಿಗೆ. ಗೋಲ್‌ಕೀಪರ್ ನಾನೇ ಆಗಿದ್ದರಿಂದ ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಕಡೆಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಹೊರಗಿನವರು ಕೇಳುತ್ತಾರೆ. ಸುತ್ತಮುತ್ತ ಎಲ್ಲ ಕಬಡ್ಡಿ, ವಾಲಿಬಾಲು. ನಾನು ಸೇರುವ ಎಷ್ಟೋ ವರ್ಷ ಮೊದಲು ನಮ್ಮ ಕಾಲೇಜಿಗೆ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ಹುಡುಗರು ಓದಲು ಬಂದರು, ಬರುವಾಗ ಚೆಂಡನ್ನೂ ತಂದರು. ಅವರಿಗೆ ಆಟ ಗೊತ್ತಿತ್ತು, ಹನ್ನೊಂದು ಜನ ಇರಲಿಲ್ಲ. ನಮ್ಮವರು ಬೇಕಾದಷ್ಟು ಜನ ಇದ್ದರು, ಆಟ ಗೊತ್ತಿರಲಿಲ್ಲ. ಹೀಗೆ ತಂಡ ಕಟ್ಟಿದರು. ನಾನು ಕೀಪರ್ ಆದದ್ದು ಓಡಲು ಸೋಮಾರಿಯಾಗಿದ್ದರಿಂದ. ಆದರೆ ಆ ಗ್ಲೌಸು ಹಾಕಿಕೊಂಡು ಎರಡು ಕಂಬಗಳ ನಡುವೆ ನಿಂತ ಮೇಲೆ ನನಗೆ ಅದರ ಹುಚ್ಚು ಹಿಡಿಯಿತು. ಮುಂದಿನ ವರ್ಷ ನನ್ನ ಕೊನೆಯ ವರ್ಷ. ಒಂದೇ ಒಂದು ಪಂದ್ಯ ಗೆದ್ದು ಗ್ಲೌಸು ಬಿಚ್ಚಬೇಕು ಎಂಬುದು ನನ್ನ ಆಸೆಯಾಗಿತ್ತು. ಅದಕ್ಕಿಂತ ದೊಡ್ಡ ಆಸೆ ಆ ವಯಸ್ಸಿನಲ್ಲಿ ನನಗೆ ಬೇರೆ ಇರಲಿಲ್ಲ ಎಂದರೆ ನೀವು ನಗಬಹುದು, ನಗಿ.

ತಂಡ ಹೇಗೇ ಇರಲಿ, ಅಭಿಮಾನಿಗಳು ಗಟ್ಟಿಗರು. ನಮ್ಮದು ರೇಷ್ಮೆ ನೇಯುವವರ ಬೀದಿ. ಅಮಾವಾಸ್ಯೆ ದಿನ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ವಾರದ ಭಾನುವಾರ ನಮಗೆ ಲೆಕ್ಕಕ್ಕಿಲ್ಲ, ಅಮಾವಾಸ್ಯೆಯೇ ರಜೆ. ಬೆಳಿಗ್ಗೆ ತಲೆಗೆ ಸ್ನಾನ, ಪೂಜೆ, ಊಟ ಮುಗಿದರೆ ಆಮೇಲೆ ಗಂಡಸರಿಗೆ ಮಾಡಲು ಏನೂ ಇರುವುದಿಲ್ಲ. ಫುಟ್‌ಬಾಲ್ ತಂಡವನ್ನು ವಿಮರ್ಶಿಸಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿಲ್ಲವಷ್ಟೆ. ಹೀಗಾಗಿ ನಮ್ಮ ತಂಡದ ಸೋಲುಗಳ ವಿಚಾರಣೆ ವರ್ಷಗಳಿಂದಲೂ ಅಮಾವಾಸ್ಯೆ ಮಧ್ಯಾಹ್ನವೇ ನಡೆಯುತ್ತಿತ್ತು.

ಅದರಲ್ಲೊಂದು ತೊಡಕು. ಅಮಾವಾಸ್ಯೆ ದಿನ ಹೊಸದೇನನ್ನೂ ಶುರು ಮಾಡಬಾರದು ಎಂಬುದೂ ನಮ್ಮವರ ನಂಬಿಕೆಯೇ. ಹೊಸ ಆಟಗಾರ, ಹೊಸ ನಾಯಕ, ಹೊಸ ಉಪಾಯ, ಏನೇ ಬಾಯಿಗೆ ಬಂದರೂ ಯಾರಾದರೊಬ್ಬರು "ಇವತ್ತು ಬ್ಯಾಡ ಕಣ್ರಿ, ನಾಳೆ ನೋಡನ" ಎನ್ನುತ್ತಿದ್ದರು. ನಾಳೆ ಎಲ್ಲರೂ ಮಗ್ಗದಲ್ಲಿ. ಮತ್ತೆ ಸೇರುವುದು ಮುಂದಿನ ಅಮಾವಾಸ್ಯೆಗೆ. ಇಷ್ಟು ವರ್ಷದಲ್ಲಿ ಆ ಸಭೆ ಒಂದೇ ಒಂದು ತೀರ್ಮಾನವನ್ನೂ ಮಾಡಿರಲಿಲ್ಲ. ಎರಡು ವರ್ಷ ನಾನು ಗೋಲಿನಲ್ಲಿ ನಿಂತಿದ್ದು ನನ್ನ ಕೈಚಳಕದಿಂದಲ್ಲ, ಈ ಸಂಪ್ರದಾಯದಿಂದ.

ಆ ಸಲದ ಸಭೆ ನಮ್ಮ ಮನೆಯಲ್ಲೇ ಸೇರಿತು. ನಮ್ಮದು ಗುಂಡಿ ಮಗ್ಗ. ನೇಯುವವನು ನೆಲದ ಮೇಲೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡಬೇಕು. ಬಂದವರಲ್ಲಿ ದೊಡ್ಡವರಿಗೆ ಆ ಗುಂಡಿಯಂಚೇ ಮರ್ಯಾದೆಯ ಜಾಗ. ಅಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಕಾಲು ಇಳಿಬಿಟ್ಟು ಕೂತರು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಅವರ ಪಕ್ಕ ನನ್ನ ಸೋದರಮಾವ. ಅವನದು ನೂಲಿಗೆ ಬಣ್ಣ ಹಾಕುವ ಕೆಲಸ, ಮೊಣಕೈವರೆಗೆ ಆ ವಾರದ ಸೀರೆಯ ಬಣ್ಣ ಇರುತ್ತಿತ್ತು. ಅವತ್ತು ನೇರಳೆ. ಬಾಗಿಲ ಹತ್ತಿರ ಹೊನ್ನೂರಿನ ಯಜಮಾನರು, ಹಣೆ ತುಂಬ ವಿಭೂತಿ. ಅವರದು ಕಬ್ಬು, ಭತ್ತ, ತೆಂಗು. ಅವರ ಮಗ ನಮ್ಮ ಮುಂಪಡೆಯ ಆಟಗಾರ, ಇಡೀ ವರ್ಷದಲ್ಲಿ ಒಂದು ಗೋಲೂ ಹೊಡೆಯದವನು. ಮೂಲೆಯಲ್ಲಿ ಅಪ್ಪ, ಬಾಯಿ ತುಂಬ ಎಲೆ ಅಡಿಕೆ. ಅಪ್ಪನಿಗೆ ಫುಟ್‌ಬಾಲ್ ಗಂಧಗಾಳಿ ಇಲ್ಲ, ಮನೆ ನಮ್ಮದಾದ್ದರಿಂದ ಕೂತಿದ್ದಾನೆ ಎಂದುಕೊಂಡಿದ್ದೆ. ಟೀ, ಕಡಲೆಪುರಿ ಹಂಚುವ ಕೆಲಸ ಆಪಾದಿತನಾದ ನನ್ನದು.

"ಟೀಮಲ್ಲಿ ತಪ್ಪಿಲ್ಲ" ಎಂದು ಯಜಮಾನರು ಶುರು ಮಾಡಿದರು. "ನಾಟಿ ಎಲ್ಲಾ ಸರ್ಯಾಗದೆ. ಬದ ಒಡ್ದೋಗದೆ ಅಷ್ಟೆ. ಮುಂದ್ಗಡೆ ಏಟು ನೀರ್ ಬುಟ್ರೂ ಇಂದ್ಗಡೆ ಸೋರೋಯ್ತದೆ."

ಬದ ಎಂದರೆ ಗದ್ದೆಯ ಏರಿ, ಅಂದರೆ ನಾನು. ಮುಂದೆ ನೀರು ಬಿಡುವವನು ಯಾರು, ಅವನು ಎಲ್ಲಿ ಬಿಟ್ಟ ಎಂದು ಕೇಳಬೇಕೆನಿಸಿತು. ಟೀ ಕೊಟ್ಟೆ.

"ಸೆಕೆಂಡ್ ಆಫಲ್ಲಿ ಬಣ್ಣ ಬುಡ್ತದೆ ಕಣ್ರಿ ಇವ್ರ ಟೀಮು" ಎಂದ ಮಾವ. "ಒಂದು ನೀರ್ಗೂ ತಡೆಯಕ್ಕಿಲ್ಲ."

ಡ್ರಿಲ್ ಮೇಷ್ಟ್ರು ಸೀಟಿಯನ್ನು ಸವರಿಕೊಂಡು ಅಸಲು ವಿಷಯಕ್ಕೆ ಬಂದರು. ಈಗಿನ ವ್ಯಾಯಾಮದ ಮೇಷ್ಟ್ರು ವಾಲಿಬಾಲ್ ಆಡಿ ಬಂದವರು. ಮುಂದಿನ ವರ್ಷದ ತಂಡದ ಪಟ್ಟಿಯನ್ನು ಅವರು ಮಾರನೆಯ ಬೆಳಿಗ್ಗೆ ಕಳಿಸಬೇಕಿತ್ತು. ತಮಗೆ ಫುಟ್‌ಬಾಲ್ ತಿಳಿಯದು, ಗೋಲ್‌ಕೀಪರ್ ಯಾರೆಂದು ಊರಿನ ಹಿರಿಯರೇ ಹೇಳಿಬಿಡಲಿ ಎಂದಿದ್ದರಂತೆ. ಒಡೆಯರಪಾಳ್ಯದ ಒಬ್ಬ ಹುಡುಗ ಆ ವರ್ಷ ಸೇರಿದ್ದ. ನನಗಿಂತ ಒಂದು ಮೊಳ ಎತ್ತರ, ಕೈ ಚಾಚಿದರೆ ಗೋಲಿನ ಮೇಲಿನ ಅಡ್ಡಕಂಬ ಸಿಗುತ್ತಿತ್ತು. ಅವನೋ ನಾನೋ, ಅಷ್ಟೇ ಪ್ರಶ್ನೆ.

"ಮೊದ್ಲು ಸಾಕ್ಷಿ ನೋಡನ" ಎಂದು ಮಾವ ಮೊಬೈಲ್ ತೆಗೆದ. ನಾನು ಬಿಟ್ಟ ಗೋಲುಗಳನ್ನೆಲ್ಲ ಅವನು ವಿಡಿಯೋ ಮಾಡಿಟ್ಟಿದ್ದ. ಸ್ವಂತ ಸೋದರಳಿಯನ ಮದುವೆಯನ್ನು ಕೂಡ ಯಾರೂ ಅಷ್ಟು ಶ್ರದ್ಧೆಯಿಂದ ಹಿಡಿಯುವುದಿಲ್ಲ. ನೇರಳೆ ಬೆರಳಚ್ಚಿನ ಆ ಪರದೆಯ ಮೇಲೆ ನಾನು ಮತ್ತೆ ಮತ್ತೆ ಬಿದ್ದೆ. ನಿಧಾನಗತಿಯಲ್ಲಿ ಕೂಡ ಬಿದ್ದೆ. ನಾನು ತಟ್ಟೆ ಹಿಡಿದು ನಿಂತಿದ್ದಂತೆಯೇ ಮೂವರೂ ನಕ್ಕರು.

"ಕಣ್ಣು ಸರಿ ಇಲ್ವೇನೊ" ಎಂದರು ಯಜಮಾನರು.

"ಭಯ ಸಾ, ಭಯ" ಎಂದ ಮಾವ.

"ಮೊಣಕಾಲು ಬಗ್ಸಲ್ಲ, ನಮ್ ಕಾಲದಲ್ಲಿ..." ಎಂದು ಮೇಷ್ಟ್ರು ಶುರು ಮಾಡಿದರು.

ಅಪ್ಪ ಎದ್ದು ಹೋಗಿ ಹೊರಗೆ ಉಗುಳಿ ಬಂದು ಕೂತ. "ಅದ್ಯಾವ್ದೂ ಅಲ್ಲ" ಎಂದ. "ಇವ್ನು ಎಡಗಡೆ ಬೀಳಾಕಿಲ್ಲ."

ಮಾವ ವಿಡಿಯೋಗಳನ್ನು ಮತ್ತೆ ಹಾಕಿದ. ಚೆಂಡು ಎಡಕ್ಕೆ, ನಾನು ಬಲಕ್ಕೆ. ಚೆಂಡು ಎಡಕ್ಕೆ, ನಾನು ನಿಂತಲ್ಲೇ. ಚೆಂಡು ಎಡಕ್ಕೆ, ನಾನು ಮತ್ತೆ ಬಲಕ್ಕೆ. ಯಾರೂ ನಗಲಿಲ್ಲ. ಎರಡು ವರ್ಷ ಆಡಿದ ನನಗೇ ಅದು ತಿಳಿದಿರಲಿಲ್ಲ.

"ಚಿಕ್ಕೋನಿದ್ದಾಗ ಇಲ್ಲೇ ಕೂತಿರೋನು" ಎಂದು ಅಪ್ಪ ಮಗ್ಗದ ಬಲಗಡೆ ಕೈ ತೋರಿಸಿದ. ಆಗ ನನಗೂ ನೆನಪಾಯಿತು. ಹಗ್ಗ ಎಳೆದಾಗ ಅಡ್ಡ ನೂಲು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ನಮ್ಮ ಹಳೆಯ ಮಗ್ಗದಲ್ಲಿ ಅದು ಆಗಾಗ ಹಳಿ ತಪ್ಪಿ ಹೊರಗೆ ಹಾರುತ್ತಿತ್ತು. ಎಡಗಡೆ ಅಮ್ಮ ಸುತ್ತಿಟ್ಟ ಹಳೇ ಹಾಸಿಗೆ ಇತ್ತು, ಹಾರಿದರೆ ಅದಕ್ಕೆ ಬಡಿಯುತ್ತಿತ್ತು. ಬಲಗಡೆ ಹಾಸಿಗೆ ಇರಲಿಲ್ಲ, ನಾನಿದ್ದೆ. ಲಾಳಿಯ ಮೂತಿ ನೆಲಕ್ಕೆ ಬಡಿದು ಮುರಿಯದಂತೆ ಹಿಡಿಯುವುದು ನನ್ನ ಆಟ. ಹಿಡಿದಾಗಲೆಲ್ಲ ಅಪ್ಪ "ಭಲೆ" ಎನ್ನುತ್ತಿದ್ದ.

"ಬಲಗಡೆ ಬಂದದ್ದು ಒಂದೂ ಬುಟ್ಟಿಲ್ಲ" ಎಂದ ಅಪ್ಪ. "ಅನೂರಲ್ಲಿ ಬೂಟಿನ ದಾರ ಬಿಚ್ಚೋಗಿತ್ತು, ಆಗ್ಲೂ ಬಲಗಡೆದು ಇಡ್ದ. ಎಡಗಡೆ ಅಂದ್ರೆ ಇವ್ನಿಗೆ ಅಲ್ಲಿ ಆಸ್ಗೆ ಅದೆ ಅಂತ್ಲೇ ಲೆಕ್ಕ."

ಮಾವ ಮೊಬೈಲಿನಿಂದ ತಲೆ ಎತ್ತಿದ. "ಬೂಟಿನ ದಾರ ಇದ್ರಲ್ಲಿ ಕಾಣಕ್ಕಿಲ್ವಲ್ಲ ಬಾವ. ನಿಂಗೆಂಗ್ ಗೊತ್ತು?"

ಅಪ್ಪ ಸುಣ್ಣದ ಡಬ್ಬಿ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ಹನೂರಿನ ಪಂದ್ಯದ ದಿನ ಅವನು ನೆಂಟರ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಟಿದ್ದು ನನಗೆ ನೆನಪಿತ್ತು. ಯಳಂದೂರಿನ ಪಂದ್ಯದ ದಿನ ಬೇರೆ ಯಾವುದೋ ನೆಂಟರು. ನಮಗೆ ಅಷ್ಟೊಂದು ನೆಂಟರಿಲ್ಲ.

"ಗೋಲಿನ ಇಂದ್ಗಡೆ ನಿಂತ್ಕತಿದ್ದೆ" ಎಂದ ಕೊನೆಗೆ. "ಇಲ್ಲಿ ಕಾಲೇಜಲ್ಲಾದ್ರೆ ಉಣ್ಸೆ ಮರದ ಕೆಳ್ಗೆ. ತಲೆಗೆ ಟವಲ್ ಆಕಂಡು. ಇವ್ನು ಗೋಲ್ ಬುಟ್ಟಾಗೆಲ್ಲ ಅಲ್ಲಿರೋ ಜನ 'ಯಾರ್ಲಾ ಇವ್ನಪ್ಪ, ಯಾರ್ಲಾ ಇವ್ನಪ್ಪ' ಅಂತ ಕೂಗೋರು. ನಾನು ಅವ್ರ ಪಕ್ಕದಲ್ಲೇ ನಿಂತಿದ್ದೆ. ಏಟ್ ಸಲ ಅಂತ ಸುಮ್ನಿರ್ಲಿ?"

ಯಜಮಾನರು ವಿಭೂತಿ ಉದುರುವಂತೆ ನಕ್ಕರು. ಮೇಷ್ಟ್ರಿಗೆ ಕೆಮ್ಮು ಹತ್ತಿ ಸೀಟಿ ಕೊರಳಿಂದ ಜಾರಿ ಗುಂಡಿಯೊಳಗೆ ಬಿತ್ತು. ನಾನೂ ನಗಬೇಕಿತ್ತು. ನಗು ಬರಲಿಲ್ಲ. ಅಪ್ಪ ಬಂದಿದ್ದ ಎಂಬ ಸಂತೋಷ ಒಂದು ಕಡೆ, ನಾನು ಬಿಟ್ಟದ್ದನ್ನೆಲ್ಲ ಹತ್ತಿರದಿಂದಲೇ ನೋಡಿದ್ದಾನೆ ಎಂಬ ಅವಮಾನ ಇನ್ನೊಂದು ಕಡೆ. ಆದರೂ ಒಂದು ಆಸೆ ಹುಟ್ಟಿತು. ಇಷ್ಟು ಆಸ್ಥೆಯಿಂದ ನೋಡಿದವನು ನನ್ನ ಪರವಾಗಿ ಒಂದು ಮಾತು ಹೇಳದೆ ಇರುತ್ತಾನೆಯೇ?

"ಅಂಗಾದ್ರೆ ನಿನ್ ಮಾತೇನು?" ಎಂದು ಮೇಷ್ಟ್ರು ಕೇಳಿದರು.

"ತೆಗೀರಿ ಇವ್ನ" ಎಂದ ಅಪ್ಪ. "ಒಡೆಯರಪಾಳ್ಯದ ಉಡುಗನ್ನ ನಿಲ್ಸಿ. ಅವ್ನು ಎರಡೂ ಕಡೆ ಬೀಳ್ತಾನೆ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಮಗ್ಗದ ಮೇಲಿಟ್ಟೆ. ಅಮಾವಾಸ್ಯೆ ದಿನ ಮಗ್ಗ ಮುಟ್ಟಬಾರದು ಎಂಬುದು ಅದನ್ನಿಟ್ಟ ಮೇಲೆ ಹೊಳೆಯಿತು, ಅದರ ಹಿಂದೆಯೇ ನನ್ನ ಕೊನೆಯ ಅಸ್ತ್ರವೂ ಹೊಳೆಯಿತು. ಅಪ್ಪನಷ್ಟು ಅಮಾವಾಸ್ಯೆಗೆ ಹೆದರುವವರು ನಮ್ಮ ಬೀದಿಯಲ್ಲೇ ಇಲ್ಲ. ಆ ದಿನ ಹೊಸ ಅಂಗಿ ಹಾಕುವುದಿಲ್ಲ, ಹೊಸ ಪೊರಕೆಯನ್ನೂ ಒಳಗೆ ತರಲು ಬಿಡುವುದಿಲ್ಲ.

"ಅಪ್ಪ, ಇವತ್ತು ಅಮಾಸೆ" ಎಂದೆ. "ಅಮಾಸೆ ದಿನ ಇದ್ನೆಲ್ಲ ತೀರ್ಮಾನ ಮಾಡ್ಬೋದಾ?"

ಸಭೆ ತಬ್ಬಿಬ್ಬಾಯಿತು. "ಉಡ್ಗ ಏಳೋದೂ ಸರಿ" ಎಂದು ಯಜಮಾನರು ತಲೆಯಾಡಿಸಿದರು. ಮೇಷ್ಟ್ರು "ಅಂಗಾದ್ರೆ ನಾಳೆ..." ಎಂದು ಬಾಯಿ ತೆರೆದರು. ಎರಡು ವರ್ಷ ನನ್ನನ್ನು ಕಾಪಾಡಿದ ಆ 'ನಾಳೆ' ಇನ್ನೇನು ಪೂರ್ತಿ ಹೊರಬರುವುದರಲ್ಲಿತ್ತು.

ಅಪ್ಪ ಇನ್ನೊಂದು ಎಲೆಗೆ ಸುಣ್ಣ ಸವರಿದ. "ಅಮಾಸೆ ದಿನ ಶುರು ಮಾಡ್ಬಾರ್ದು ಕಣ್ಲಾ" ಎಂದ. "ನಿಲ್ಸ್‌ಬಾರ್ದು ಅಂತ ಯಾರೂ ಏಳಿಲ್ಲ. ಇವತ್ತು ನಿಂದು ನಿಲ್ಲಿಸ್ತೀವಿ. ಅವ್ನುದು ನಾಳೆ ಶುರುವಾಯ್ತದೆ."

ಅಷ್ಟು ವರ್ಷದ ಸಭೆಗಳಲ್ಲಿ ಅದೊಂದೇ ತೀರ್ಮಾನ, ಅದೂ ನನ್ನ ಮೇಲೆ. ಎಲ್ಲರೂ ಅಪ್ಪನ ಬುದ್ಧಿಗೆ ಬೆರಗಾಗಿ ಇನ್ನೊಂದು ಸುತ್ತು ಟೀ ಕೇಳಿದರು. ನಾನು ಮಾಡಿಕೊಡಲಿಲ್ಲ. ಅಮ್ಮ ಮಾಡಿಕೊಟ್ಟಳು.

ಅಪ್ಪನ ಜೊತೆ ಹದಿನೈದು ದಿನ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ, ಮಗ್ಗದ ಸದ್ದಿನಲ್ಲಿ ಹೇಳುವುದು ಕಷ್ಟ. ಗ್ಲೌಸನ್ನು ಒಡೆಯರಪಾಳ್ಯದ ಹುಡುಗನಿಗೆ ಕೊಡಲು ಹೋದಾಗ ಅವನು, "ಅಣ್ಣ, ನನ್ನತ್ರ ಅದೆ, ನೀನೇ ಇಟ್ಕೊ" ಎಂದ. ಅವನನ್ನು ದ್ವೇಷಿಸಬೇಕೆಂದು ತೀರ್ಮಾನಿಸಿದ್ದೆ, ಅದಕ್ಕೂ ಅವಕಾಶ ಕೊಡಲಿಲ್ಲ.

ಮುಂದಿನ ವರ್ಷದ ಮೊದಲ ಪಂದ್ಯ ನಮ್ಮ ಕಾಲೇಜು ಮೈದಾನದಲ್ಲೇ ನಡೆಯಿತು. ಹೋಗಬಾರದೆಂದುಕೊಂಡೇ ಎಲ್ಲರಿಗಿಂತ ಮೊದಲು ಹೋದೆ. ಅಭಿಮಾನಿಗಳ ಸಾಲಿನಲ್ಲಿ ಕೂತು ನೋಡಿದರೆ ಫುಟ್‌ಬಾಲ್ ಬಹಳ ಸುಲಭದ ಆಟ, ತಪ್ಪುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಅರ್ಧ ಗಂಟೆಯಲ್ಲಿ ನಾನೂ "ಯಾರ್ಲಾ ಇವ್ನಪ್ಪ" ಎಂದು ಹೊನ್ನೂರಿನ ಹುಡುಗನ ಮೇಲೆ ಕೂಗಿದೆ. ಪಕ್ಕದಲ್ಲೇ ಕೂತಿದ್ದ ಯಜಮಾನರು "ನಾನೇ ಕಣ್ಲಾ" ಎಂದರು. ಅದಾದ ಸ್ವಲ್ಪ ಹೊತ್ತಿಗೆ ಆ ಹುಡುಗ ಬೂಟು ಸರಿ ಮಾಡಿಕೊಳ್ಳಲು ಬಗ್ಗಿದ್ದಾಗ ಯಾರೋ ಒದ್ದ ಚೆಂಡು ಅವನ ಬೆನ್ನಿಗೆ ಬಡಿದು ಎದುರಾಳಿಯ ಗೋಲಿನೊಳಗೆ ಹೋಯಿತು. ಕೊನೆಯ ನಿಮಿಷದಲ್ಲಿ ಎದುರಾಳಿ ನಮ್ಮ ಗೋಲಿಗೆ ಜೋರಾಗಿ ಒದ್ದ, ಎಡಕ್ಕೆ, ಕೆಳಗೆ. ಒಡೆಯರಪಾಳ್ಯದ ಹುಡುಗ ಎಡಕ್ಕೆ ಬಿದ್ದು ಹಿಡಿದ.

ನಾವು ಗೆದ್ದೆವು. ಗಂಟಲು ಹರಿಯುವಂತೆ ಕೂಗಿಕೊಂಡು ನೇರ ಗೋಲಿನ ಹಿಂದಕ್ಕೆ ಓಡಿದೆ. ಟವಲ್ ಹಾಕಿಕೊಂಡ ತಲೆಯೊಂದನ್ನು ಹುಡುಕಿದೆ. ಹುಣಸೆ ಮರದ ಕೆಳಗೆ ಬೇರೆ ಯಾರ್ಯಾರೋ ಇದ್ದರು, ಅಪ್ಪ ಇರಲಿಲ್ಲ.

ಮನೆಗೆ ಬಂದಾಗ ಮಗ್ಗ ನಡೆಯುತ್ತಿತ್ತು.

"ಅಪ್ಪ, ಗೆದ್ವಿ!" ಎಂದೆ.

"ಯಾವುದ್ರಲ್ಲಿ?"

"ಮ್ಯಾಚಲ್ಲಿ! ಇವತ್ತು ಮ್ಯಾಚಿತ್ತಲ್ಲ. ನೀನ್ಯಾಕ್ ಬರ್ಲಿಲ್ಲ?"

ಅಪ್ಪ ಕೈ ನಿಲ್ಲಿಸಿ, ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದ. "ನೀನೇ ಆಡ್ತಿಲ್ವಲ್ಲ. ನಂಗೇನ್ಲಾ ಕೆಲ್ಸ ಅಲ್ಲಿ? ಆ ಚೆಂಡಾಟ ಯಾವನ್ ನೋಡ್ತಾನೆ?"

ಕಣ್ಣಲ್ಲಿ ನೀರು ಬಂತು, ಕೂಗಿ ಕೂಗಿ ಗಂಟಲು ಕಟ್ಟಿದ್ದರಿಂದ ಎಂದು ನನಗೆ ನಾನೇ ಹೇಳಿಕೊಂಡೆ. ಅಭ್ಯಾಸದಂತೆ ಹೋಗಿ ಮಗ್ಗದ ಬಲಕ್ಕೆ ಕೂತೆ.

"ಆ ಕಡೆ ಓಗು" ಎಂದ ಅಪ್ಪ. "ಈಗೀಗ ಲಾಳಿ ಅಲ್ಲಿಗೇ ಆರ್ತದೆ."

ಹಳೇ ಹಾಸಿಗೆಯನ್ನು ಅಮ್ಮ ಯಾವತ್ತೋ ಎಸೆದಿದ್ದಳು. ಎದ್ದು ಹೋಗಿ ಎಡಕ್ಕೆ ಕೂತೆ. ಸಂಜೆಯೊಳಗೆ ಲಾಳಿ ಎರಡು ಸಲ ಹಾರಿತು. ಎರಡನ್ನೂ ಬಿಟ್ಟೆ. ಎರಡನೆಯ ಸಲ ಅಪ್ಪ "ಯಾರ್ಲಾ ಇವ್ನಪ್ಪ" ಎಂದು ಗೊಣಗಿಕೊಂಡು, ಗುಂಡಿಯಿಂದ ತಾನೇ ಎದ್ದು ಹೋಗಿ ಅದನ್ನು ತಂದುಕೊಂಡ.