ಹುಣ್ಣಿಮೆಯ ಹುಗ್ಗಿ

ಎಪ್ಪತ್ತರ ದಶಕದಲ್ಲಿ ತಿಕೋಟಾದ ನಮ್ಮ ಓಣಿಗೆ ಬುದ್ಧ ಪೌರ್ಣಿಮೆ ಇನ್ನೂ ಹೊಸ ಹಬ್ಬ. ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ ಅಪ್ಪ ಬಿಜಾಪುರದಿಂದ ಬುದ್ಧನ ಪಟ ತಂದು ಪಡಸಾಲೆಯಲ್ಲಿ ತೂಗುಹಾಕಿದ್ದ. ಆ ದಿನ ನೀಲಿ ಹಾಕಿ ತೊಳೆದ ಬಿಳಿ ಅಂಗಿ ತೊಟ್ಟು, ಓಣಿಯ ಹುಡುಗರನ್ನೆಲ್ಲ ಕೂಡಿಸಿ ಕಥೆ ಹೇಳುತ್ತಿದ್ದ. ಕಥೆ ಮುಗಿದ ಮೇಲೆ ಗೋದಿಹುಗ್ಗಿ, ಬೆಲ್ಲ ಹಾಕಿದ ನಮ್ಮ ಕಡೆಯ ಪಾಯಸ. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಅದು ಯಾರಿಗೂ ಮುಳ್ಳಾದದ್ದನ್ನು ನಾನು ಕಂಡಿಲ್ಲ.

ಒಂದು ವರ್ಷ ಹಬ್ಬದ ಬೆಳಿಗ್ಗೆಯೇ ಜಗಳ. ಹುಗ್ಗಿ ಕುದಿಸುತ್ತಿದ್ದ ಅವ್ವ ತಾನು ಮಾತ್ರ ಉಪವಾಸ ಹಿಡಿದಿದ್ದಳು. ಹುಣ್ಣಿಮೆಗೆ ಚಂದ್ರ ಕಾಣುವವರೆಗೆ ನೀರೂ ಮುಟ್ಟದಿರುವುದು ಅವಳ ಹಳೆಯ ರೂಢಿ.

"ಉಪಾಸ ಬಿಟ್ಟ ಮ್ಯಾಲೇ ಬುದ್ಧಗ ಜ್ಞಾನ ಬಂದದ್ದು. ಇಂಥಾ ದಿನಾನೇ ನೀ ಉಪಾಸ ಹಿಡದಿಯಲ್ಲ," ಅಂದ ಅಪ್ಪ. ಸಿಟ್ಟು ಯಾವಾಗಲೂ ಅವನ ಮೂಗಿನ ಮೇಲೆಯೇ.

"ಎರಡು ಕೂಸು ಮಣ್ಣಿಗೆ ಕೊಟ್ಟೇನ್ರಿ. ಉಪಾಸ ಹಿಡದ ಮ್ಯಾಲೇ ಇವೆರಡು ಉಳದಾವು. ಬಿಡಾಕ ಅಂಜಿಕಿ ಬರತೈತಿ."

ಅಪ್ಪ ಎದ್ದು ಪಡಸಾಲೆಗೆ ಹೋದ. ಸಂಜೆಯವರೆಗೆ ಒಲೆಯ ಕಡೆ ಸುಳಿಯಲಿಲ್ಲ.

ಇಳಿಹೊತ್ತಿಗೆ ಹುಡುಗರು ಬಂದು ಕುಳಿತರು. ಎಲುಬು ಕಾಣುವಷ್ಟು ಸೊರಗಿದ ಬುದ್ಧನಿಗೆ ಒಬ್ಬ ಹೆಣ್ಣುಮಗಳು ಪಾಯಸ ಕೊಟ್ಟ ಕಥೆಯನ್ನು ಅಪ್ಪ ಹೇಳಿದ. ನಮ್ಮೆಲ್ಲರ ಕಣ್ಣು ಹುಗ್ಗಿಯ ಗಡಿಗೆಯ ಮೇಲೆ. ತಾಟಿಗೆ ಬಿದ್ದದ್ದೇ ತಡ, ನಾನು ತಲೆ ಎತ್ತದೆ ತಿಂದೆ.

ತಲೆ ಎತ್ತಿದಾಗ ಐದು ವರ್ಷದ ನನ್ನ ತಂಗಿ ತನ್ನ ತಾಟು ಹಿಡಿದು ಬಾಗಿಲಲ್ಲಿದ್ದ ಅವ್ವನ ಮುಂದೆ ನಿಂತಿದ್ದಳು.

"ನೀನೂ ಸೊರಗೀದಿ ಬೇ. ಉಣ್ಣ."

ಅವ್ವ ಆಕಾಶ ನೋಡಿದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಪ್ಪನನ್ನು ನೋಡಿದಳು. ಅವನು ಪಟದ ಕಡೆ ತಿರುಗಿ, ನೆಟ್ಟಗೇ ಇದ್ದ ಪಟವನ್ನು ನೆಟ್ಟಗೆ ಮಾಡತೊಡಗಿದ. ತಂಗಿ ತುತ್ತು ಹಿಡಿದ ಕೈ ಚಾಚಿಕೊಂಡೇ ಇದ್ದಳು. ಅವ್ವ ಬಗ್ಗಿ ಆ ತುತ್ತು ತಿಂದಳು.

ಕಥೆ ನಾನೂ ಕೇಳಿದ್ದೆ, ತಂಗಿಗಿಂತ ನಾಲ್ಕು ವರ್ಷ ದೊಡ್ಡವಳು. ನೆಕ್ಕಿ ಖಾಲಿ ಮಾಡಿದ ನನ್ನ ತಾಟು ನೋಡಿ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮರುದಿನ ಬೆಳಿಗ್ಗೆ ಅವ್ವ ಬಂದು ನಮ್ಮಿಬ್ಬರ ಹಣೆ ಮುಟ್ಟಿದಳು. ಬೆಚ್ಚಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಲೆ ಹಚ್ಚಲು ಹೋದಳು. ಮುಂದೆ ಅವಳು ಹುಣ್ಣಿಮೆಯ ಉಪವಾಸ ಹಿಡಿಯಲಿಲ್ಲ. ಆದರೆ ನಮಗೆ ಮಕ್ಕಳಾದ ಮೇಲೂ, ತವರಿಗೆ ಬಂದಿದ್ದರೆ ಹುಣ್ಣಿಮೆಯ ಮರುದಿನ ನಮ್ಮ ಹಣೆ ಮುಟ್ಟಿ ನೋಡುವುದನ್ನು ಬಿಡಲಿಲ್ಲ.