ಅಮ್ಮ ಬೆಳಗಿದ ಚಕ್ರ

ನಮ್ಮ ಹಳೆಯ ಡೀಸೆಲ್ ಪಿಕಪ್ಪಿನ ಟೈಮಿಂಗ್ ಬೆಲ್ಟನ್ನು ಮನೆಯಲ್ಲೇ ಬದಲಾಯಿಸುತ್ತೇನೆಂದು ಹೇಳಿದಾಗ ಅರಸೀಕೆರೆಯ ಮೆಕ್ಯಾನಿಕ್ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಮೇಷ್ಟ್ರೇ, ಒಂದು ಹಲ್ಲು ತಪ್ಪಿದ್ರೆ ಇಂಜಿನ್ನೇ ಹೋಯ್ತದೆ. ಆಮೇಲೆ ಎಳ್ಕೊಂಡು ಬರ್ರಿ, ನೋಡಾನ" ಎಂದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಅಷ್ಟು ಸಾಕಾಯಿತು. ಹೊಸ ಬೆಲ್ಟ್ ಹಿಡಿದುಕೊಂಡು ಹಳೇಬೀಡಿನ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಶುರುಮಾಡಿದೆ. ಮೇಲೊಂದು, ಕೆಳಗೊಂದು ಹಲ್ಲಿನ ಚಕ್ರ. ಎರಡೂ ಲೆಕ್ಕ ತಪ್ಪದೆ ತಿರುಗುವಂತೆ ನೋಡಿಕೊಳ್ಳುವುದೇ ಈ ಬೆಲ್ಟಿನ ಕೆಲಸ. ಕಂಪನಿಯವರು ಕೊರೆದ ಗುರುತು ಜಿಡ್ಡಿನಲ್ಲಿ ಮುಚ್ಚಿಹೋಗಿ ಕಾಣಲಿಲ್ಲ. ಅಮ್ಮನ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತಂದು ನಾನೇ ಗುರುತು ಹಾಕಿ, ಹಳೆಯ ಬೆಲ್ಟ್ ಕಳಚಿ, ತಿಂಡಿಗೆ ಒಳಗೆ ಹೋದೆ.

ವಾಪಸು ಬಂದಾಗ ಅಮ್ಮ ಬಾನೆಟ್ಟಿನೊಳಗೆ ಬಗ್ಗಿದ್ದಳು. ಅವಳ ಲೆಕ್ಕದಲ್ಲಿ, ಹೊಸದನ್ನು ತೊಡಿಸುವ ಮುಂಚೆ ಪೂಜೆಯಾಗಬೇಡವೇ? ಪೂಜೆಗೆ ಮುಂಚೆ ಶುದ್ಧವಾಗಬೇಡವೇ? ದೇವಸ್ಥಾನದ ಎಣ್ಣೆದೀಪಗಳನ್ನು ತಿಕ್ಕಿ ಬೆಳಗಿ ಪಳಗಿದ ಕೈ. ಸೀಗೆಪುಡಿ, ಹುಣಸೆಹಣ್ಣು ಹಾಕಿ ಎರಡೂ ಚಕ್ರ ಬೆಳಗಿ ಕುಂಕುಮ ಇಟ್ಟಿದ್ದಳು. ನನ್ನ ಸುಣ್ಣದ ಸುಳಿವೂ ಇರಲಿಲ್ಲ.

ಚಕ್ರ ಅಲ್ಲಾಡಿತೇ ಎಂದು ಕೇಳಿದೆ.

"ಮೇಲಿಂದು ತಟಕ್ಕಂತ ತಿರುಗ್ತಪ್ಪ" ಎಂದಳು.

ನನಗೆ ಮೈ ಉರಿದುಹೋಯಿತು. ಹೆತ್ತವಳಿಗೆ ಆಡಬಾರದ ಮಾತೆಲ್ಲ ಆಡಿದೆ. ಅವಳು ಒದ್ದೆ ಬಟ್ಟೆ ಹಿಂಡುತ್ತಾ, "ಅಲ್ಲೊಂದು ಗೆರೆ ಇದ್ಯಲ್ಲೋ, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ" ಎಂದಳು.

ಬಗ್ಗಿ ನೋಡಿದೆ. ಕಂಪನಿಯ ಗುರುತು. ಕೆಳಗಿನ ಚಕ್ರದಲ್ಲೂ ಇತ್ತು.

ಆ ಗೆರೆಗಳನ್ನು ಇಂಜಿನ್ನಿನ ಮೈಮೇಲೆ ಕಂಪನಿಯೇ ಕೊರೆದಿದ್ದ ಗೆರೆಗಳಿಗೆ ನೇರಮಾಡಿ ಬೆಲ್ಟ್ ತೊಡಿಸಿದೆ. ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ; ಗುರುತುಗಳು ಮತ್ತೆ ಎದುರುಬದುರು ಬಂದು ನಿಂತವು. ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಾನು ಹಾಕಿದ ಕೇಕೆಗೆ ಪಕ್ಕದ ಮನೆಯವರು ಹೊರಗೆ ಬಂದರು.

ಗಾಡಿ ಹೇಗಿದೆಯೋ ನೋಡೋಣವೆಂದು ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟೆ. ಬೈದದ್ದಕ್ಕೆ ತಪ್ಪಾಯಿತು ಅನ್ನಬೇಕು, ನಾಲಿಗೆ ಏಳದು. ಊರಂಚಿನ ಬಸ್ತಿಹಳ್ಳಿಯ ಹತ್ತಿರ ಮನೆಯ ಕಡೆ ಗಾಡಿ ತಿರುಗಿಸಲು ನೋಡಿದಾಗ ಅವಳೇ ನನ್ನ ತೋಳು ಹಿಡಿದಳು.

"ಬೇಲೂರಿಗೇ ಹೋಗೋಣ ಕಣೋ. ನಾವಿಬ್ರೂ ರಿಪೇರಿ ಮಾಡಿದ ಗಾಡಿ ಅಲ್ವಾ?"