ಮಾಳಿಗೆಯ ಮೇಲಿನ ಟಿಟ್ಟಿಭ

ಗೆಳೆಯರೇ, ಇವತ್ತು ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮಾಳಿಗೆಯಿಂದ ನಮ್ಮತ್ತಿಗೆಯನ್ನು ಒಂದು ಹಕ್ಕಿ ಓಡಿಸಿತು.

ಅವರು ಹಪ್ಪಳ ಒಣಹಾಕಲು ಹೋಗಿದ್ದರು. ಮನೆ ಕಟ್ಟುವಾಗ ಉಳಿದ ಜಲ್ಲಿಕಲ್ಲು ಮೇಲೆ ಹಾಗೇ ಹರಡಿಕೊಂಡಿದೆ. ಅದರ ನಡುವೆ ಉದ್ದನೆಯ ಹಳದಿ ಕಾಲಿನ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಕಡ್ಡಿಯಿಲ್ಲ, ಹುಲ್ಲಿಲ್ಲ, ಮೊಟ್ಟೆಗಳೂ ಕಲ್ಲಿನದೇ ಬಣ್ಣ. ಹಕ್ಕಿ ಕಿರುಚುತ್ತಾ ನೆತ್ತಿಗೆ ಎರಗಿದಾಗಲೇ ಅತ್ತಿಗೆಗೆ ಗೊತ್ತಾದದ್ದು.

“ಆ ಮೊಟ್ಟಿ ತೆಗೆದು ಬಯಲಾಗ ಇಟ್ಟು ಬಾ ತಮ್ಮಾ. ಮಾಳಿಗಿ ನಮ್ದೋ, ಅದರದೋ?”

“ಜಾಗ ಬದಲಿಸಿದ್ರ ಅದಕ್ಕ ಸಿಗಂಗಿಲ್ರಿ ಅತ್ತಿಗಿ.”

“ಸಿಕ್ಕರೇನು? ಈ ಬಿಸಿಲಿಗೆ ಹೆಂಗೂ ಬೆಂದು ಹೋಗ್ತಾವ.”

ಮೆಟ್ಟಿಲ ಬಾಗಿಲಲ್ಲಿ ನಿಂತು ನಾವು ಹೀಗೆ ವಾದಿಸುತ್ತಿರುವಾಗಲೇ ಹಕ್ಕಿ ಟ್ಯಾಂಕಿನಿಂದ ಸೋರಿ ನಿಂತ ನೀರಿಗೆ ಇಳಿಯಿತು. ಹೊಟ್ಟೆಯ ಗರಿಗಳನ್ನು ನೀರಿಗೆ ಒತ್ತಿ ಒತ್ತಿ ತೋಯಿಸಿಕೊಂಡು, ಓಡಿ ಬಂದು ಮೊಟ್ಟೆಗಳ ಮೇಲೆ ಕೂತಿತು. ಎದ್ದಾಗ ಮೊಟ್ಟೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಅದರ ಜೋಡಿಯೂ ಹಾಗೇ ತೊಯ್ದುಕೊಂಡು ಬಂತು. ನಾವಿಬ್ಬರೂ ಬಿಸಿಲನ್ನೇ ಮರೆತು ನಿಂತುಬಿಟ್ಟೆವು.

“ಯವ್ವಾ, ಮೈಯಾಗ ನೀರು ಹೊತ್ಕೊಂಡು ಬರ್ತಾವಲ್ಲೋ!” ಅತ್ತಿಗೆಯ ದನಿ ಪಿಸುಮಾತಿಗೆ ಇಳಿದಿತ್ತು. “ಆ ನೀರು ಆರಿದ್ರ ಏನ್ ಮಾಡ್ತಾವ?”

ಸಂಜೆ ಅವರೇ ಅಗಲವಾದ ಪರಾತದಲ್ಲಿ ನೀರು ತುಂಬಿಕೊಂಡು ಮೇಲೆ ಹೋದರು. ಟಿಟ್ಟಿಭ ಅವರನ್ನು ಮತ್ತೆ ಮೆಟ್ಟಿಲ ಬಾಗಿಲಿನವರೆಗೂ ಅಟ್ಟಿಸಿಕೊಂಡು ಬಂತು. ಅತ್ತಿಗೆ ಏದುಸಿರು ಬಿಡುತ್ತಾ ಬಾಗಿಲು ಹಾಕಿಕೊಂಡು ಹೇಳಿದರು: “ನೀರು ಕೊಟ್ರೂ ಬೈತೈತಿ. ಬೈಲಿ ಬಿಡು, ಬಾಣಂತಿ ಐತಿ.”